ಉಪ್ಪರಿಗೆಗೆ ನೆಟ್ ಹತ್ತಿಸಿದ್ದು: ರಿಪೀಟರ್, ಪವರ್‌ಲೈನ್, ಮೆಶ್, ಕೇಬಲ್

ನಮ್ಮದು ತೀರ್ಥಹಳ್ಳಿ ಕಡೆಯ ತೊಟ್ಟಿ ಮನೆ. ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ. ಬೇಸಿಗೆಯ ಸೆಕೆ ಒಳಗೆ ಬರಬಾರದು ಅಂತ ಅಜ್ಜ ಕಟ್ಟಿಸಿದ್ದು. ಸೆಕೆ ಬರುವುದಿಲ್ಲ ನಿಜ, ವೈಫೈ ಕೂಡ ಬರುವುದಿಲ್ಲ. ಫೈಬರ್ ಬಂದಿಳಿದದ್ದು ಜಗುಲಿಯ ಮೂಲೆಗೆ. ನಾನು ಕೂತು ಕೆಲಸ ಮಾಡುವುದು ತೊಟ್ಟಿಯ ಆಚೆ ಬದಿಯ ಉಪ್ಪರಿಗೆ ಕೋಣೆಯಲ್ಲಿ. ಜಗುಲಿಯಲ್ಲಿ ರೂಟರ್ ಪಕ್ಕ ಕೂತರೆ 100 ಎಂಬಿಪಿಎಸ್ ಪ್ಲಾನಿಗೆ 90ರ ಮೇಲೆ ಸಿಗುತ್ತಿತ್ತು. ಮೂರು ಗೋಡೆ, ಒಂದು ಮಣ್ಣು ಮುಚ್ಚಿಗೆ ದಾಟಿ ಮೇಲೆ ಬರುವಷ್ಟರಲ್ಲಿ ಅದು 5 ಅಥವಾ 6. ಅದೂ ವೈಫೈ ಅಲೆಯ ಎರಡು ಮಾಮೂಲಿ ಕಂಪನಗಳಲ್ಲಿ ಕೆಳಗಿನದಾದ 2.4 ಗಿಗಾಹರ್ಟ್ಸ್‌ನಲ್ಲಿ. 5 ಗಿಗಾಹರ್ಟ್ಸ್‌ನ ಹೆಸರೇ ಫೋನಿನ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ.

ಬೆಂಗಳೂರಿನ ಗೆಳೆಯರನ್ನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "2.4 ಬಿಡು, 5ಕ್ಕೆ ಹೋಗು." ಅವರ ಅಪಾರ್ಟ್‌ಮೆಂಟಿಗೆ ಅದು ಸರಿಯೇ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಅಂತ ಮೂರೇ ಮೂರು. ಒಂದು ಮಹಡಿಯಲ್ಲಿ ಎಂಟು ಮನೆ ಇದ್ದರೆ ಎಂಟು ರೂಟರ್‌ಗಳೂ ಆ ಮೂರರಲ್ಲೇ ಜಗಳ ಆಡಬೇಕು. ನಮ್ಮಲ್ಲಿ ಪಕ್ಕದ ಮನೆ ಅಂದರೆ ತೋಟ ದಾಟಿ ಅರ್ಧ ಕಿಲೋಮೀಟರ್. ಜಗಳಕ್ಕೆ ಯಾರೂ ಇಲ್ಲ, ಅಡ್ಡ ನಿಂತಿರುವುದು ಗೋಡೆ ಮಾತ್ರ. ಅಲೆಯ ಕಂಪನ ಹೆಚ್ಚಿದಷ್ಟೂ ಗೋಡೆ ಅದನ್ನು ಹೆಚ್ಚು ನುಂಗುತ್ತದೆ. ಹಾಗಾಗಿ ಪೇಟೆಯ ಸಲಹೆ ನಮ್ಮ ಮನೆಯಲ್ಲಿ ತಲೆಕೆಳಗು.

ಎರಡು ಮಳೆಗಾಲದಲ್ಲಿ ನಾಲ್ಕು ದಾರಿ ನೋಡಿದೆ. ಅಳೆಯುವ ವಿಧಾನ ಎಲ್ಲಕ್ಕೂ ಒಂದೇ: ಅದೇ ಮೇಜು, ಅದೇ ಲ್ಯಾಪ್‌ಟಾಪ್, ಬೆಳಿಗ್ಗೆ ಮತ್ತು ರಾತ್ರಿ ಸ್ಪೀಡ್ ಟೆಸ್ಟ್, ಜೊತೆಗೆ ಹತ್ತು ನಿಮಿಷ ರೂಟರ್‌ಗೆ ಪಿಂಗ್, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ನೋಡುವುದು. ನಾನು ಹೆಚ್ಚು ನಂಬಿದ್ದು ಪಿಂಗನ್ನು. ಮೀಟಿಂಗಿನಲ್ಲಿ ದನಿ ತುಂಡಾಗುವುದು ವೇಗ ಕಮ್ಮಿಯಾಗಿ ಅಲ್ಲ. ಡೇಟಾದ ಒಂದು ತುಣುಕು (ಪ್ಯಾಕೆಟ್) 4 ಮಿಲಿಸೆಕೆಂಡಿಗೆ, ಮುಂದಿನದು 300ಕ್ಕೆ ಬಂದರೆ. ವಿಡಿಯೊ ಕಾಲಿಗೆ 3-4 ಎಂಬಿಪಿಎಸ್ ಇದ್ದರೆ ಧಾರಾಳ ಆಯಿತು, ಆದರೆ ಅದು ತಪ್ಪದೆ ಬರುತ್ತಿರಬೇಕು.

ಮೊದಲು ತಂದದ್ದು ಎಲ್ಲರೂ ತರುವ ರಿಪೀಟರ್. ಪ್ಲಗ್ಗಿಗೆ ಚುಚ್ಚುವ ಸಣ್ಣ ಡಬ್ಬಿ, ರೂಟರ್‌ನ ವೈಫೈ ಹಿಡಿದು ಮುಂದಕ್ಕೆ ದಾಟಿಸುತ್ತದೆ. ಅಡುಗೆಮನೆ ಪಕ್ಕದ ಓಣಿಯಲ್ಲಿ ಹಾಕಿದೆ. ಫೋನಿನಲ್ಲಿ ನಾಲ್ಕೂ ಕಡ್ಡಿ ತುಂಬಿದವು, ಖುಷಿಯಾಯಿತು. ಸ್ಪೀಡ್ ಟೆಸ್ಟಿನಲ್ಲಿ 14. ಪಿಂಗ್ 5ರಿಂದ 250ರವರೆಗೆ ಕುಣಿಯುತ್ತಿತ್ತು. ಆ ಕಡ್ಡಿಗಳು ಹೇಳುವುದು ರಿಪೀಟರ್ ನಮಗೆ ಎಷ್ಟು ಚೆನ್ನಾಗಿ ಕೇಳುತ್ತಿದೆ ಅಂತ. ರಿಪೀಟರ್‌ಗೆ ರೂಟರ್ ಎಷ್ಟು ಕೇಳುತ್ತಿದೆ ಅನ್ನುವುದನ್ನು ಯಾರೂ ತೋರಿಸುವುದಿಲ್ಲ. ಮೇಲಾಗಿ ವೈಫೈ ಅಂದರೆ ಒಂದೇ ಮೈಕ್ ಇರುವ ಸಭೆ, ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಒಂದೇ ರೇಡಿಯೊದ ರಿಪೀಟರ್ ಪ್ರತಿ ಮಾತನ್ನೂ ಒಮ್ಮೆ ಕೇಳಿಸಿಕೊಂಡು, ಅದೇ ಮೈಕಿನಲ್ಲಿ ಮತ್ತೊಮ್ಮೆ ಹೇಳುತ್ತದೆ. ಅರ್ಧ ವೇಗ ಅಲ್ಲಿಗೇ ಹೋಯಿತು.

ಇನ್ನೊಂದು ಕಾಟ ಅಡುಗೆಮನೆಯದು. ಅಕ್ಕ ಕೊಡಿಸಿದ ಮೈಕ್ರೋವೇವ್ ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ವೈಫೈಯ ನಡುಮನೆಗೇ ನುಗ್ಗಿದ ಹಾಗೆ. ಅದು ಗುಂಯ್ ಅಂದಾಗಲೆಲ್ಲ ನನ್ನ ಕಾಲ್ ಸಾಯುತ್ತಿತ್ತು. ಮೀಟಿಂಗ್ ಹೊತ್ತಿನಲ್ಲಿ ಹಾಕಬೇಡ ಅಂದದ್ದಕ್ಕೆ ಅಮ್ಮ, "ಒಂದು ಲೋಟ ಹಾಲು ಬಿಸಿ ಮಾಡಕ್ಕೂ ನಿನ್ನ ಕೇಳ್ಬೇಕನೋ ಮಾರಾಯ?" ಅಂದರು. ಮಾತು ನ್ಯಾಯವಾದದ್ದೇ. ರಿಪೀಟರ್ ಮೂರನೇ ವಾರಕ್ಕೆ ಕೆಳಗಿಳಿಯಿತು.

ಪವರ್‌ಲೈನ್ ಅಡಾಪ್ಟರ್ ಬಗ್ಗೆ ನನಗೆ ಆಸೆ ಜಾಸ್ತಿ ಇತ್ತು. ಗೋಡೆಯೊಳಗೆ ಕರೆಂಟ್ ವೈರ್ ಹೇಗೂ ಇದೆ. ಅದರಲ್ಲಿ ಓಡುವ 50 ಹರ್ಟ್ಸ್ ವಿದ್ಯುತ್ತಿನ ಮೇಲೆ, ಸುಮಾರು 2ರಿಂದ 30 ಮೆಗಾಹರ್ಟ್ಸ್ ನಡುವೆ ಡೇಟಾವನ್ನೂ ಓಡಿಸುವುದು. ಜೋಡಿ ಡಬ್ಬಿ, ಒಂದು ರೂಟರ್ ಹತ್ತಿರ, ಇನ್ನೊಂದು ಮೇಜಿನ ಹತ್ತಿರ. ಗೋಡೆ ಎಷ್ಟು ದಪ್ಪ ಇದ್ದರೇನು!

ಅಡುಗೆಮನೆಯಲ್ಲಿ ನೋಡಿದಾಗ 60 ಬಂತು. ಉಪ್ಪರಿಗೆಗೆ ಒಯ್ದರೆ ಲೈಟೇ ಹತ್ತಲಿಲ್ಲ. ವೈರಿಂಗ್ ಮಾಡುವ ಅಣ್ಣನನ್ನು ಕರೆಸಿದ ಮೇಲೆ ಗೊತ್ತಾದದ್ದು: ನಮ್ಮದು ತ್ರೀ ಫೇಸ್. ಜಗುಲಿ, ಅಡುಗೆಮನೆ ಆರ್ ಫೇಸಿನಲ್ಲಿ, ಉಪ್ಪರಿಗೆ ಬಿ ಫೇಸಿನಲ್ಲಿ. ಒಂದು ಫೇಸಿನ ಸಿಗ್ನಲ್ ಇನ್ನೊಂದಕ್ಕೆ ನೆಟ್ಟಗೆ ದಾಟುವುದಿಲ್ಲ. ಅಣ್ಣ ಉಪ್ಪರಿಗೆಯನ್ನೂ ಆರ್‌ಗೆ ಹಾಕಿಕೊಟ್ಟರು. ಆಗ 35 ಬಂತು. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದರೆ 8, ಏಕೆಂದರೆ ಬೋರ್ಡಿನ ಫಿಲ್ಟರ್‌ಗೆ ಇದೂ ಕಸವೇ. ನೇರ ಗೋಡೆಯ ಸಾಕೆಟ್ಟಿಗೇ ಹಾಕಬೇಕು. ಬೆಳಿಗ್ಗೆ ಚಟ್ನಿಗೆ ಮಿಕ್ಸಿ ತಿರುಗಿದರೆ ಪಿಂಗ್ ಕೂಡ ತಿರುಗುತ್ತಿತ್ತು.

ಇದನ್ನೆಲ್ಲ ಸಹಿಸಬಹುದಿತ್ತು. ಮಾರಕವಾದದ್ದು ಇನ್ವರ್ಟರ್. ರೂಟರ್ ಇರುವುದು ಇನ್ವರ್ಟರ್ ಲೈನಿನಲ್ಲಿ, ಮೇಜಿನ ಸಾಕೆಟ್ ಮಾಮೂಲಿ ಲೈನಿನಲ್ಲಿ. ಕರೆಂಟ್ ಹೋದ ಕ್ಷಣ ಎರಡೂ ಬೇರೆ ಬೇರೆ. ರೂಟರ್ ಉರಿಯುತ್ತಿರುತ್ತದೆ, ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುತ್ತದೆ, ನಡುವಿನ ದಾರಿ ಮಾತ್ರ ಮಾಯ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟು ದಿನಕ್ಕೆಷ್ಟು ಸಲ ಹೋಗುತ್ತದೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಸಾಲದ್ದಕ್ಕೆ ಅಪ್ಪಯ್ಯನ ಹಳೇ ರೇಡಿಯೊ. ಒಂದು ರಾತ್ರಿ ಶಾರ್ಟ್‌ವೇವ್ ತಿರುಗಿಸಿದವರು, "ಎಂಥದೋ ಇದು, ರೇಡಿಯೊ ತುಂಬ ಜೀರುಂಡೆ ಕೂಗಿದಂಗೆ ಆಗ್ತದೆ" ಅಂದರು. ಪವರ್‌ಲೈನ್ ಓಡುವ 2ರಿಂದ 30 ಮೆಗಾಹರ್ಟ್ಸ್ ಅಂದರೆ ಹೆಚ್ಚುಕಮ್ಮಿ ಪೂರ್ತಿ ಶಾರ್ಟ್‌ವೇವೇ. ಕರೆಂಟ್ ವೈರು ಅದಕ್ಕೆ ಏರಿಯಲ್ ಆಗಿಬಿಡುತ್ತದೆ. ಪುಣ್ಯಕ್ಕೆ ಭದ್ರಾವತಿ ಆಕಾಶವಾಣಿ ಇರುವುದು ಮೀಡಿಯಂ ವೇವಿನಲ್ಲಿ, 675 ಕಿಲೋಹರ್ಟ್ಸ್. ಅದಕ್ಕೆ ಏನೂ ಆಗಲಿಲ್ಲ, ಇಲ್ಲದಿದ್ದರೆ ಡಬ್ಬಿಗಳು ಅಂದೇ ಅಂಗಳಕ್ಕೆ ಬೀಳುತ್ತಿದ್ದವು.

ಮೆಶ್ ಅಂದರೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಮನೆಗೆಲ್ಲ ಒಂದೇ ವೈಫೈ ಹರಡುವ ಡಬ್ಬಿಗಳು, ದುಬಾರಿ. ಎರಡು ಡಬ್ಬಿಯ ಸೆಟ್ಟಿಗೆ ರಿಪೀಟರ್‌ನ ನಾಲ್ಕು ಪಟ್ಟು ಕೊಟ್ಟೆ. ಮೊದಲ ದಿನ ಕೋಣೆಯಿಂದ ಕೋಣೆಗೆ ಇಟ್ಟು ನೋಡಿದರೆ ರಿಪೀಟರ್‌ಗಿಂತ ಸ್ವಲ್ಪ ವಾಸಿ, ಅಷ್ಟೇ. ಡಬ್ಬಿಗಳ ನಡುವಿನ ಮಾತುಕತೆಯೂ ಅದೇ ಗೋಡೆ ದಾಟಬೇಕಲ್ಲ. ಆಮೇಲೆ ತೊಟ್ಟಿ ಕಣ್ಣಿಗೆ ಬಿತ್ತು. ಮನೆ ನಡುವೆ ಆಕಾಶಕ್ಕೆ ತೆರೆದ ಅಷ್ಟು ದೊಡ್ಡ ಜಾಗ ಇರುವಾಗ ಗೋಡೆ ಯಾಕೆ ಕೊರೆಯಬೇಕು? ಒಂದು ಡಬ್ಬಿಯನ್ನು ತೊಟ್ಟಿಯ ಕಂಬದ ಹತ್ತಿರ, ಇನ್ನೊಂದನ್ನು ತೊಟ್ಟಿಗೆ ಮುಖ ಮಾಡಿದ ಉಪ್ಪರಿಗೆ ಕಿಟಕಿಯಲ್ಲಿ ಇಟ್ಟೆ. ಒಂದಕ್ಕೊಂದು ನೇರ ಕಾಣುವ ಹಾಗೆ. ಈಗ 5 ಗಿಗಾಹರ್ಟ್ಸ್‌ಗೆ ಅಡ್ಡಿಯೇ ಇಲ್ಲ. 65 ಬಂತು, ಪಿಂಗ್ 3ರಿಂದ 10ರ ಒಳಗೆ. ಎರಡೂ ಕಡೆ ಇನ್ವರ್ಟರ್ ಪಾಯಿಂಟ್ ಎಳೆಸಿದ್ದರಿಂದ ಕರೆಂಟಿನ ತಲೆನೋವೂ ಇಲ್ಲ. ಎರಡು ತಿಂಗಳು ರಾಜನ ಹಾಗಿದ್ದೆ.

ಆಷಾಢದ ಜಡಿಮಳೆ ಹಿಡಿಯಿತು. ಎರಚಲು ಹೊಡೆಯುತ್ತದೆ ಅಂತ ಕಿಟಕಿ ಮುಚ್ಚಿದೆವು. ಹಲಸಿನ ಹಲಗೆಯ ಬಾಗಿಲು, ಅದೂ ನೆನೆದದ್ದು. 65 ಇದ್ದದ್ದು 30ಕ್ಕೆ ಬಂತು. ಮಳೆಯೇ ಸಿಗ್ನಲ್ ತಡೆಯುತ್ತದೆ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಹದಿನೈದು ಮೀಟರಿನಲ್ಲಿ ಮಳೆಹನಿ ಏನೂ ಮಾಡುವುದಿಲ್ಲ. ನೀರು ಕುಡಿದ ಮರ, ನೀರು ಕುಡಿದ ಜಂಬಿಟ್ಟಿಗೆ ಮಾಡುತ್ತದೆ. ಆದರೂ 30 ಸಾಕಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ನಾನು ಬುದ್ಧಿವಂತ.

ನಿಲ್ಲಿಸಲಿಲ್ಲ, ರೂಟರ್‌ನಿಂದ ಉಪ್ಪರಿಗೆಗೆ ಲ್ಯಾನ್ ಕೇಬಲ್ (ನೆಟ್ ಒಯ್ಯುವ ತಾಮ್ರದ ವೈರು) ಎಳೆದೆ. ಮೊದಲು ಕೊಂಡ ಕೇಬಲ್ ಮೋಸದ್ದು. ಹೊರಗೆ ಕ್ಯಾಟ್ 6 (ಲ್ಯಾನ್ ಕೇಬಲಿನ ಒಂದು ದರ್ಜೆ) ಅಂತ ಅಚ್ಚು, ಒಳಗೆ ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ. ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ (ಕ್ರಿಂಪ್) ಎಳೆ ಪಟಕ್ ಅಂತ ಮುರಿದದ್ದನ್ನು ನೋಡಿ ಚಾಕುವಿನಲ್ಲಿ ಕೆರೆದೆ, ಬೆಳ್ಳಗಿತ್ತು. ಕೈಯಲ್ಲಿ ಎತ್ತಿದರೂ ಹಗುರ. ಕೊಳ್ಳುವಾಗ ತುದಿ ಕೆರೆದು ನೋಡಿಯೇ ದುಡ್ಡು ಕೊಡಿ. ಅಪ್ಪಟ ತಾಮ್ರದ್ದಕ್ಕೆ ಎರಡು ಪಟ್ಟು ಕೊಡಬೇಕಾಯಿತು. ಹೆಗ್ಗಣದ ಭಯಕ್ಕೆ ಪಿವಿಸಿ ಪೈಪಿನೊಳಗೆ ಹಾಕಿ, ಸೂರಿನಡಿ ಸುತ್ತಿಸಿ 40 ಮೀಟರ್ ಎಳೆದೆ. ಕ್ಯಾಟ್ 6 ಗಿಗಾಬಿಟ್ (1000 ಎಂಬಿಪಿಎಸ್) ವೇಗದಲ್ಲಿ 100 ಮೀಟರ್ ಓಡುತ್ತದೆ, ಹಾಗಾಗಿ ಉದ್ದದ ಚಿಂತೆ ಇರಲಿಲ್ಲ. ಮೊದಲ ಸಲ ಲಿಂಕ್ ಗಿಗಾಬಿಟ್ಟಿಗೆ ಏರದೆ 100ಕ್ಕೇ ನಿಂತಿತು. 100ಕ್ಕೆ ಎರಡೇ ಜೋಡಿ ಎಳೆ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೋಡಿದರೆ ಕಂದು ಜೋಡಿ ಕನೆಕ್ಟರಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದೆ.

ಸ್ಪೀಡ್ ಟೆಸ್ಟ್: 96. ಪಿಂಗ್: ಒಂದು ಮಿಲಿಸೆಕೆಂಡಿಗಿಂತ ಕಮ್ಮಿ, ಹತ್ತು ನಿಮಿಷದಲ್ಲಿ ಒಂದೇ ಒಂದು ಸಲವೂ ಅಲುಗಲಿಲ್ಲ. ತಾಮ್ರದ ವೈರಿನಲ್ಲಿ ಗಿಗಾಬಿಟ್ ಅನ್ನುವ ಈ ಸ್ಟ್ಯಾಂಡರ್ಡ್ ಬಂದದ್ದು 1999ರಲ್ಲಿ. ಅಲ್ಲಿಂದ ವೈಫೈಗೆ ಎಷ್ಟು ಹೊಸ ಸಂಖ್ಯೆ ಅಂಟಿಸಿದರೂ ನಮ್ಮ ಗೋಡೆಯ ಮುಂದೆ ಗೆದ್ದದ್ದು ಹಳೇ ವೈರು.

ಗೆದ್ದದ್ದು ಏಪ್ರಿಲ್‌ವರೆಗೆ. ಅಡ್ಡಮಳೆಯ ಒಂದು ಸಂಜೆ ತೋಟದಾಚೆ ಎಲ್ಲೋ ಸಿಡಿಲು ಹೊಡೆಯಿತು. ಮನೆಗೆ ಬಿದ್ದದ್ದಲ್ಲ, ಒಂದು ಬಲ್ಬೂ ಹೋಗಲಿಲ್ಲ. ರೂಟರ್‌ನ ನಾಲ್ಕು ಲ್ಯಾನ್ ಪೋರ್ಟುಗಳೂ ಸತ್ತವು. ನಾನು ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಾಂಗಲ್ ಮೂಲಕ ಸಿಕ್ಕಿಸಿದ್ದರಿಂದ ಡಾಂಗಲ್ ತಾನು ಸತ್ತು ಲ್ಯಾಪ್‌ಟಾಪ್ ಉಳಿಸಿತು. ಸಿಡಿಲು ಹತ್ತಿರ ಬಡಿದರೆ ಸಾಕು, 40 ಮೀಟರ್ ಉದ್ದದ ತಾಮ್ರದಲ್ಲಿ ತಾನಾಗಿ ವೋಲ್ಟೇಜ್ ಹುಟ್ಟುತ್ತದೆ. ಅಷ್ಟು ಉದ್ದದ ತಂತಿಯನ್ನು ಸೂರಿನಡಿ ಸುತ್ತಿಸಿದವನು ನಾನೇ. "ಗುಡುಗು ಶುರುವಾದ ಕೂಡ್ಲೆ ಪ್ಲಗ್ ಕಿತ್ತಿಡು ಅಂತ ಹೇಳಿರ್ಲಿಲ್ವಾ?" ಅಂದರು ಅಪ್ಪಯ್ಯ. ನಾನು ಕರೆಂಟಿನ ಪ್ಲಗ್ ಕಿತ್ತಿದ್ದೆ. ಲ್ಯಾನ್ ಕೇಬಲ್ ಕೂಡ ಕೀಳಬೇಕಿತ್ತು ಅಂತ ಹೊಳೆದಿರಲಿಲ್ಲ.

ಆಮೇಲೆ ಮಾಡಿದ್ದು: ಅದೇ ಪೈಪಿನೊಳಗೆ ತಾಮ್ರ ತೆಗೆದು, ಒಳಗೆ ಉಕ್ಕಿನ ತಂತಿ ಇಲ್ಲದ ಫೈಬರ್ ತೂರಿಸಿದೆ. ಎರಡು ತುದಿಗೂ ಮೀಡಿಯಾ ಕನ್ವರ್ಟರ್, ಲ್ಯಾನ್ ಸಿಗ್ನಲ್ಲನ್ನು ಬೆಳಕಿಗೆ, ಬೆಳಕನ್ನು ಮತ್ತೆ ಸಿಗ್ನಲ್ಲಿಗೆ ಬದಲಿಸುವ ಡಬ್ಬಿ. ಗಾಜಿನಲ್ಲಿ ಸಿಡಿಲಿಗೆ ಓಡಲು ದಾರಿಯಿಲ್ಲ. ಈ ಕನ್ವರ್ಟರ್‌ಗಳು ಎ ಮತ್ತು ಬಿ ಅಂತ ಜೋಡಿಯಾಗಿ ಬರುತ್ತವೆ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಬೆಳಕು ಓಡಬೇಕಲ್ಲ, ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳಿಸಿಕೊಳ್ಳುತ್ತದೆ, ಇನ್ನೊಂದು ಅದಕ್ಕೆ ಉಲ್ಟಾ. ನಾನು ಎರಡೂ ಎ ತರಿಸಿದ್ದೆ. ಒಂದು ಭಾನುವಾರ ಪೂರ್ತಿ ಫೈಬರನ್ನೇ ಬೈಯುತ್ತ ಕಳೆದ ಮೇಲೆ ಡಬ್ಬಿಯ ತಳದ ಚೀಟಿ ಓದಿದೆ. ಬಿ ಬಂದ ಮೇಲೆ ಒಂದೇ ಏಟಿಗೆ ಲೈಟ್ ಹತ್ತಿತು. ವೇಗ, ಪಿಂಗ್ ಎರಡೂ ತಾಮ್ರದ್ದೇ. ಖರ್ಚು ಮೆಶ್‌ಗಿಂತ ಕಮ್ಮಿ.

ಮೆಶ್ ಡಬ್ಬಿಗಳನ್ನು ಮಾರಲಿಲ್ಲ. ಮೇಲಿನದಕ್ಕೆ ಈಗ ಫೈಬರಿನ ತುದಿಯಿಂದಲೇ ನೆಟ್ ಬರುವುದರಿಂದ ಕಿಟಕಿ ಮುಚ್ಚಿದರೂ ಉಪ್ಪರಿಗೆಯಲ್ಲಿ ಫೋನಿಗೆ 90 ಸಿಗುತ್ತದೆ. ರಿಪೀಟರ್ ಕೊಟ್ಟಿಗೆ ಕಡೆಯ ಕ್ಯಾಮೆರಾಕ್ಕೆ ಹೋಯಿತು. ಕರು ಹಾಕುವ ದಿನ ಅಮ್ಮ ರಾತ್ರಿ ಎದ್ದು ಹೋಗುವುದು ತಪ್ಪಿದೆ, ಅಲ್ಲಿಗೆ 3 ಎಂಬಿಪಿಎಸ್ ಸಾಕು. ಪವರ್‌ಲೈನ್ ಜೋಡಿ ಮಾತ್ರ ಕಪಾಟಿನಲ್ಲಿದೆ. ಒಂದೇ ಫೇಸ್, ಇನ್ವರ್ಟರ್ ಇಲ್ಲದ ಮನೆ, ರೇಡಿಯೊ ಕೇಳುವ ಅಪ್ಪಯ್ಯ ಇಲ್ಲದವರು ಯಾರಾದರೂ ಇದ್ದರೆ ಒಯ್ಯಬಹುದು.

ಇನ್ನು ಬಾಕಿ ಇರುವುದು ಮೇಲಿನ ಕನ್ವರ್ಟರ್. ಮೆಶ್ ಡಬ್ಬಿಗೆ ಎಳೆಸಿದ ಇನ್ವರ್ಟರ್ ಪಾಯಿಂಟ್ ಕಿಟಕಿ ಹತ್ತಿರ, ಫೈಬರ್ ಒಳಗೆ ಬಂದದ್ದು ಎದುರಿನ ಗೋಡೆಗೆ. ಕನ್ವರ್ಟರ್ 5 ವೋಲ್ಟಿನದು, ಹಾಗಾಗಿ ಸದ್ಯ ಹಳೇ ಪವರ್‌ಬ್ಯಾಂಕಿನಿಂದ ಓಡಿಸುತ್ತಿದ್ದೇನೆ. ಕರೆಂಟ್ ಹೋಗಿ ಬಂದಾಗ ಪವರ್‌ಬ್ಯಾಂಕ್ ಒಂದು ಕ್ಷಣ ತಡವರಿಸಿ ಲಿಂಕ್ ಬಿದ್ದು ಏಳುತ್ತದೆ. ವೈರಿಂಗ್ ಅಣ್ಣ ಅಡಿಕೆ ಕೊಯ್ಲು ಮುಗಿದ ಮೇಲೆ ಬರುತ್ತೇನೆ ಅಂದಿದ್ದಾರೆ.