ಹಳೇ ಕ್ಲಿನಿಕ್ ಡೇಟಾ ಉಳಿಸೋಕೆ ಸಿಎಸ್‌ವಿ, ಎಸ್‌ಕ್ಯೂಲೈಟ್, ಸಿಯಾರ್ಡ್: ಮೂರೂ ಮಾಡಿ ನೋಡಿದೆ

ಪರಿಚಯದ ಡಾಕ್ಟರೊಬ್ಬರ ಶುಗರ್ ಕ್ಲಿನಿಕ್‌ನ ಹಳೇ ಫೈಲ್ ಒಂದು ಕೈಗೆ ಬಂತು. ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್ 97ರಲ್ಲಿ ಮಾಡಿದ ಎಂಡಿಬಿ ಫೈಲ್. ಅವರ ಮಗಳು ಎಂ.ಡಿ. ಮಾಡುತ್ತಿದ್ದಾಳೆ, ಅದರಲ್ಲಿರೋ ಏಳು ವರ್ಷದ ದಾಖಲೆ ಥೀಸಿಸ್‌ಗೆ ಬೇಕಂತೆ. ಆಕ್ಸೆಸ್ 2013ರಿಂದೀಚೆಗೆ 97ರ ಫೈಲ್ ತೆರೆಯುವುದೇ ಇಲ್ಲ. ಎಂಡಿಬಿ ಟೂಲ್ಸ್ ಅನ್ನೋ ಉಚಿತ ತಂತ್ರಾಂಶದಿಂದ ಟೇಬಲ್‌ಗಳನ್ನು ಹೊರಗೆ ತೆಗೆದೆ. ಹೇಗೂ ಕೈ ಹಾಕಿದ್ದಾಯ್ತು, ಮುಂದೆ ಯಾರೂ ಹೀಗೆ ಒದ್ದಾಡೋದು ಬೇಡ ಅಂತ ಮೂರು ಥರ ಇಟ್ಟು ನೋಡಿದೆ.

ಸಿಎಸ್‌ವಿ ಅಂದ್ರೆ ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯ. ಸುಲಭ, ನೋಟ್‌ಪ್ಯಾಡ್ ಇದ್ದರೂ ಸಾಕು. ಆದರೆ ನಾನೇ ಒಂದು ಎಡವಟ್ಟು ಮಾಡಿಕೊಂಡೆ. ಸುಮ್ನೆ ಡಬಲ್ ಕ್ಲಿಕ್ ಮಾಡಿ ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಸೇವ್ ಒತ್ತಿದೆ. ರೋಗಿ ನಂಬರ್ 00417 ಹೋಗಿ 417 ಆಯ್ತು. ಮಾತ್ರೆ ಕಾಲಂನಲ್ಲಿ 1-0-1 ಬಚಾವಾಯ್ತು, 1-1-1 ಮಾತ್ರ 2001ರ ಜನವರಿ 1 ಆಗಿ ಕೂತಿತ್ತು! ದಿನಕ್ಕೆ ಮೂರು ಮಾತ್ರೆ ತಗೊಳ್ಳೋರೆಲ್ಲ ಹೊಸ ವರ್ಷ ಆಚರಿಸಿದ ಹಾಗೆ.

ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ನಲ್ಲಿ ಈ ಕಾಟ ಇಲ್ಲ. ಎಲ್ಲ ಟೇಬಲ್ ಒಂದೇ ಫೈಲ್‌ನಲ್ಲಿ, ರೋಗಿಗೂ ಭೇಟಿಗೂ ಇರೋ ಕೊಂಡಿ ಹಾಗೇ ಉಳಿಯುತ್ತದೆ. 2050ರವರೆಗೆ ಬೆಂಬಲ ಕೊಡ್ತೀವಿ ಅಂತ ಅದನ್ನು ಮಾಡಿದವರೇ ಹೇಳಿದ್ದಾರೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಡೇಟಾ ಕಾಪಿಡಲು ಇದನ್ನು ಒಪ್ಪಿದೆ. ಒಂದೇ ಕೊರತೆ, ಸುಮಾರು ಸಡಿಲ. ಸಂಖ್ಯೆ ಇರಬೇಕಾದ ಕಾಲಂಗೆ ‘ನಾಳೆ ಬರ್ತಾರೆ’ ಅಂತ ತುಂಬಿದರೂ ಸುಮ್ಮನೆ ತಗೊಳ್ಳುತ್ತೆ.

ಸಿಯಾರ್ಡ್ ಅನ್ನೋದು ಡೇಟಾಬೇಸ್‌ಗಳನ್ನು ಕಾಪಿಡೋಕೆ ಅಂತಲೇ ಇರೋ ಫೈಲ್ ಮಾದರಿ, ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ದಾಖಲೆ ಭಂಡಾರದವರು ಮಾಡಿದ್ದು. ಜಿಪ್ ಒಳಗೆ ಎಕ್ಸ್‌ಎಂಎಲ್ ಅನ್ನೋ ಪಠ್ಯ ರೂಪದ ಫೈಲ್‌ಗಳು, ಪ್ರತಿ ಕಾಲಂ ಏನು ಅಂತ ವಿವರಣೆಯನ್ನೂ ಜೊತೆಗೇ ಬರೆದಿಡಬಹುದು. ಒಳ್ಳೇದೇ. ಆದರೆ ನಾನು ಡೇಟಾನ ಮೊದಲು ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ಗೆ ತುಂಬಿ ಅಲ್ಲಿಂದ ತೆಗೀಬೇಕಾಯ್ತು, ಒಂದು ಭಾನುವಾರ ಪೂರ್ತಿ ಹೋಯ್ತು. ದೊಡ್ಡ ಆಸ್ಪತ್ರೆಗೆ ಸರಿ, ಒಂದು ಕ್ಲಿನಿಕ್‌ಗೆ ಜಾಸ್ತಿಯಾಯ್ತು.

ಸದ್ಯಕ್ಕೆ ಕೆಲಸಕ್ಕೆ ಎಸ್‌ಕ್ಯೂಲೈಟ್, ಪಕ್ಕದಲ್ಲಿ ಸಿಎಸ್‌ವಿ ಪ್ರತಿ ಒಂದು. ಹುಡುಗಿಗೆ ಕೊಟ್ಟ ಪ್ರತಿಯಲ್ಲಿ ಹೆಸರು, ವಿಳಾಸ ತೆಗೆದು, ಒಬ್ಬೊಬ್ಬ ರೋಗಿಯ ತಾರೀಖುಗಳನ್ನೂ ಒಂದಷ್ಟು ದಿನ ಸರಿಸಿದೆ. ಭೇಟಿಗಳ ನಡುವಿನ ಅಂತರ ಕೆಡಲ್ಲ. ಸಂಶೋಧಕರಿಗೆ ಅಂತ ಇರೋ ಅಮೆರಿಕದ ‘ಮಿಮಿಕ್’ ಅನ್ನೋ ಐಸಿಯು ಡೇಟಾದಲ್ಲೂ ಹೀಗೇ ಮಾಡಿದ್ದಾರೆ.

ಮೂರರಲ್ಲಿ ಯಾವುದೂ ಬಿಡಿಸದ ಗಂಟು ಬೇರೆ ಇತ್ತು. ಹೆಸರೆಲ್ಲ ಹಳೇ ನುಡಿ ಫಾಂಟ್‌ನಲ್ಲಿ ಹೊಡೆದದ್ದು, ಫಾಂಟ್ ಇಲ್ಲದೆ ನೋಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನು ಹೇಗೋ ಯೂನಿಕೋಡ್‌ಗೆ ತಿರುಗಿಸಿದೆ. ಆದರೆ ‘ಸ್ಥಿತಿ’ ಅನ್ನೋ ಕಾಲಂನಲ್ಲಿ 1ರಿಂದ 5ರವರೆಗೆ ಬರೀ ಅಂಕಿ, ಅರ್ಥ ಎಲ್ಲೂ ಬರೆದಿಲ್ಲ. ಡಾಕ್ಟರಿಗೂ ನೆನಪಿಲ್ಲ. ಆಗ ಎಂಟ್ರಿ ಮಾಡುತ್ತಿದ್ದ ಕಾಂಪೌಂಡರ್‌ನ ಹುಡುಕಿ ಫೋನ್ ಮಾಡಿದೆ. ‘4 ಅಂದ್ರೆ ತಿಂಡಿ ತಿಂದ್ಕೊಂಡು ಬಂದೋರು ಸಾರ್. 5... ಅದು ನಾನ್ ಹಾಕಿದ್ದಲ್ಲ, ಆಮೇಲೆ ಬಂದ ಹುಡುಗ ಹಾಕಿದ್ದು’ ಅಂದರು. ಆ ಹುಡುಗ ಈಗ ಎಲ್ಲಿದ್ದಾನೋ ಅವರಿಗೂ ಗೊತ್ತಿಲ್ಲ. 5 ಇರೋ ಸಾಲು ಇನ್ನೂರು ಚಿಲ್ಲರೆ ಇವೆ, ಹಾಗೇ ಬಿಟ್ಟಿದ್ದೇನೆ.