ಸರ್ವೋ ಎನ್‌ಕೋಡರ್‌ಗೆ ರೆಡಿಮೇಡ್ ಕೇಬಲ್ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯುವ) ಯಂತ್ರಕ್ಕೋ ರೋಬೋಟ್ ತೋಳಿಗೋ ಸರ್ವೋ ಮೋಟರ್ ಕೂರಿಸುತ್ತಿದ್ದೀರಾ? ಮೋಟರ್ ಎಷ್ಟು ತಿರುಗಿತು ಅಂತ ಅದರ ಎನ್‌ಕೋಡರ್ ಹೇಳುತ್ತದೆ, ಅದನ್ನು ನೋಡಿಕೊಂಡು ಡ್ರೈವ್ ಮೋಟರ್‌ಗೆ ಕರೆಂಟ್ ಕೊಡುತ್ತದೆ. ‘ಎಲ್ಲ ಡ್ರೈವ್‌ಗೂ ಆಗುತ್ತೆ’ ಅಂತ ಆನ್‌ಲೈನ್‌ನಲ್ಲಿ ಮಾರುವ ಎನ್‌ಕೋಡರ್ ಎಕ್ಸ್‌ಟೆನ್ಷನ್ ಕೇಬಲ್ ತರಿಸುವ ಮುಂಚೆ ಸ್ವಲ್ಪ ತಡೆಯಿರಿ. ಅಂಥದ್ದೊಂದು 5 ಮೀಟರ್ ಕೇಬಲ್‌ನಿಂದಾಗಿ ನನ್ನ ಯಂತ್ರದ ಎಕ್ಸ್ ಆಕ್ಸಿಸ್ ಹತೋಟಿ ತಪ್ಪಿ ಓಡಿತು. ತುದಿಗೆ ಹೋಗಿ ಗುದ್ದಿದ ರಭಸಕ್ಕೆ, ಮೋಟರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್ ಸೀಳಿತು. ಯಾರ ಕೈಯೂ ಮಧ್ಯೆ ಇರಲಿಲ್ಲ, ಪುಣ್ಯ.

ಶುರುವಿನಲ್ಲಿ ಇದ್ದದ್ದು ಸಣ್ಣ ತಾಪತ್ರಯ. ಒಂದೇ ಆಕಾರವನ್ನು ಮತ್ತೆ ಮತ್ತೆ ಕೊರೆದರೆ ಆರಂಭದ ಜಾಗ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತಿತ್ತು. ಇಂಥ ಹೊತ್ತಲ್ಲಿ ಎಲ್ಲರೂ ಬೈಯುವುದು ಕಪ್ಲಿಂಗನ್ನು, ಸ್ಕ್ರೂವನ್ನು. ಎಲ್ಲ ಬಿಗಿ ಮಾಡಿದರೂ ಸರಿಯುವುದು ನಿಲ್ಲಲಿಲ್ಲ.

ಆಗ ಎನ್‌ಕೋಡರ್‌ನ ಎಣಿಕೆಯನ್ನೇ ಪರೀಕ್ಷೆಗೆ ಹಚ್ಚಿದೆ. ನನ್ನದು ಒಂದು ಸುತ್ತಿಗೆ 2,500 ಗೆರೆಯ ಎನ್‌ಕೋಡರ್. ಅದು ಕಳಿಸುವ ಎ ಮತ್ತು ಬಿ ಎಂಬ ಎರಡು ಪಲ್ಸ್ ಸಾಲುಗಳ ಏರಿಳಿತ ಎಲ್ಲ ಸೇರಿ ಡ್ರೈವ್ ಒಂದು ಗೆರೆಗೆ ನಾಲ್ಕು ಎಣಿಸುತ್ತದೆ. ಹಾಗಾಗಿ ಸುತ್ತಿಗೊಮ್ಮೆ ಬರುವ ಝಡ್ ಪಲ್ಸ್‌ನಿಂದ ಮುಂದಿನ ಝಡ್ ಪಲ್ಸ್‌ವರೆಗೆ 10,000 ಬರಬೇಕು, ಒಂದೂ ಹೆಚ್ಚುಕಡಿಮೆ ಆಗಬಾರದು. ಮೋಟರ್ ಸಪ್ಲೈ ಆಫ್ ಮಾಡಿ ಕೈಯಲ್ಲಿ ತಿರುಗಿಸಿದೆ. 10,000. ಎಷ್ಟು ಸಲ ತಿರುಗಿಸಿದರೂ ಅಷ್ಟೇ. ಮೋಟರ್ ಓಡಿಸಿ ನೋಡಿದರೆ 9,996, ಆಮೇಲೆ 10,007, ಮತ್ತೆ 9,998. ಮೆಕ್ಯಾನಿಕಲ್ ಭಾಗದ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು, ಕೇಬಲ್ ಮೇಲೆ ಅನುಮಾನ ಬಂತು. ನಿಮ್ಮಲ್ಲೂ ಹೀಗೆ ಜಾಗ ಸರಿಯುತ್ತಿದ್ದರೆ ಸ್ಪ್ಯಾನರ್ ಹಿಡಿಯುವ ಮುಂಚೆ ಈ ಪರೀಕ್ಷೆ ಮಾಡಿ.

ಆದರೆ ಕೇಬಲ್ ಬಿಚ್ಚಿ ನೋಡುವಷ್ಟರಲ್ಲಿ ಅದೇ ಆಕ್ಸಿಸ್ ಓಡಿಬಿಟ್ಟಿತು. ಓಡಲು ಕಾರಣ ಕನೆಕ್ಟರ್ ಒಳಗಿನ ಒಂದು ಕ್ರಿಂಪ್, ಅಂದರೆ ವಯರ್ ಮೇಲೆ ಪಿನ್ ಒತ್ತಿ ಕೂರಿಸಿದ ಜಾಗ. ತಾಮ್ರದ ಎಳೆಗಳ ಬದಲು ಪ್ಲಾಸ್ಟಿಕ್ ಹೊದಿಕೆಯ ಮೇಲೆಯೇ ಪಿನ್ ಒತ್ತಿದ್ದರು. ಎರಡೋ ಮೂರೋ ಎಳೆ ಮಾತ್ರ ಪಿನ್‌ಗೆ ತಾಗಿಕೊಂಡಿದ್ದವು. ಅದು ಎನ್‌ಕೋಡರ್‌ನಿಂದ ಕರೆಂಟ್ ವಾಪಸ್ ಬರುವ 0 ವೋಲ್ಟ್ ವಯರ್. ಆಕ್ಸಿಸ್ ಆಚೀಚೆ ಹೋಗುವಾಗ ಕೇಬಲ್ ಬಾಗಿ ಬಾಗಿ ಅವೂ ಬಿಟ್ಟುಕೊಂಡವು, ಎನ್‌ಕೋಡರ್ ಸತ್ತಿತು. ಆಗ ಡ್ರೈವ್‌ಗೆ ತೋರುವುದು ಏನು? ‘ಮುಂದೆ ಹೋಗು ಅಂತ ಹೇಳಿದೆ, ಮೋಟರ್ ಅಲುಗಲೇ ಇಲ್ಲ.’ ಇನ್ನಷ್ಟು ಕರೆಂಟ್ ಕೊಡುತ್ತದೆ. ಎಣಿಕೆ ಆಗಲೂ ನಿಂತಲ್ಲೇ. ಇನ್ನೂ ಜಾಸ್ತಿ ಕೊಡುತ್ತದೆ. ಮೋಟರ್ ಮಾತ್ರ ಪೂರ್ತಿ ವೇಗದಲ್ಲಿ ಹೊರಟಿರುತ್ತದೆ. ಎನ್‌ಕೋಡರ್ ವಯರ್ ಬಿಟ್ಟುಹೋದರೆ ಕಂಡುಹಿಡಿದು ತಾನೇ ನಿಲ್ಲುವ ಡ್ರೈವ್‌ಗಳಿವೆ. ಹವ್ಯಾಸಿಗಳು ಕೊಳ್ಳುವ ಅಗ್ಗದ ಡ್ರೈವ್‌ಗಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ.

ಕೇಬಲ್‌ನ ಸಿಪ್ಪೆ ಸೀಳಿದಾಗ ಉಳಿದದ್ದೂ ಹೊರಬಿತ್ತು. ‘ಟ್ವಿಸ್ಟೆಡ್ ಪೇರ್, ಶೀಲ್ಡೆಡ್’ ಅಂತ ಮೇಲೆ ಅಚ್ಚು ಹಾಕಿದ್ದರು. ಸುಳ್ಳೇನಲ್ಲ, ವಯರ್‌ಗಳನ್ನು ಜೋಡಿ ಜೋಡಿಯಾಗಿ ಹೆಣೆದಿದ್ದರು. ಆದರೆ ಎ ಜೊತೆ ಬಿ, ಎ ಮೈನಸ್ ಜೊತೆ ಬಿ ಮೈನಸ್! ಹೀಗೆ ಹೆಣೆದರೆ ಕೆಲಸ ಕೆಡುತ್ತದೆ. ಎ ಮೈನಸ್ ಅಂದರೆ ಎ ಸಿಗ್ನಲ್‌ನದೇ ತಲೆಕೆಳಗಾದ ಪ್ರತಿ. ಇವೆರಡೂ ಒಂದೇ ಜೋಡಿಯಲ್ಲಿದ್ದರೆ ಹೊರಗಿನ ವಿದ್ಯುತ್ ಗಲಾಟೆ ಎರಡಕ್ಕೂ ಒಂದೇ ಸಮ ತಾಗುತ್ತದೆ. ಡ್ರೈವ್‌ನ ರಿಸೀವರ್ ನೋಡುವುದು ಎರಡರ ವ್ಯತ್ಯಾಸವನ್ನು, ಹಾಗಾಗಿ ಗಲಾಟೆ ಕಳೆದುಹೋಗುತ್ತದೆ. ಡಿಫರೆನ್ಷಿಯಲ್ ಸಿಗ್ನಲ್‌ನ ಲಾಭವೇ ಅದು ಅಲ್ವಾ? ಎ ಜೊತೆ ಬಿ ಹೆಣೆದರೆ ಆ ಲಾಭ ಹೋಗುತ್ತದೆ, ಮೇಲಾಗಿ ಎ ಏರಿದಾಗೆಲ್ಲ ಬಿ ಮೇಲೆ ಮುಳ್ಳಿನಂಥ ಸುಳ್ಳು ಸಿಗ್ನಲ್ ಏಳುತ್ತದೆ. ಶೀಲ್ಡ್ ಅನ್ನುವ ಬೆಳ್ಳಿ ಹಾಳೆಯೂ ಇತ್ತು, ಆದರೆ ಅದರ ತುದಿ ಯಾವ ಪಿನ್‌ಗೂ ಸೇರಿರಲಿಲ್ಲ. ಪಕ್ಕದಲ್ಲೇ ಮೋಟರ್ ಕೇಬಲ್ ಇದ್ದರೆ ಕೇಳಲೇಬೇಡಿ. ಡ್ರೈವ್ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುತ್ತಿರುತ್ತದೆ.

ಮೂರನೆಯದು ವೋಲ್ಟೇಜ್, ಬಹಳ ಜನಕ್ಕೆ ಕಾಟ ಕೊಡುವುದು ಇದೇ ಅಂತ ನನ್ನ ಅನಿಸಿಕೆ. ಡ್ರೈವ್‌ನ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟರೆ 4.95 ವೋಲ್ಟ್, ಚೆನ್ನಾಗಿಯೇ ಇದೆ. ಎನ್‌ಕೋಡರ್ ತುದಿಯಲ್ಲಿ, ಎಲ್ಲ ಜೋಡಿಸಿ ಆನ್ ಇರುವಾಗ, ಕನೆಕ್ಟರ್ ಹಿಂಭಾಗದಿಂದ ಸೂಜಿಯಂಥ ಪ್ರೋಬ್ ತೂರಿಸಿ ನೋಡಿದೆ. 4.6. ನನ್ನ ಎನ್‌ಕೋಡರ್ ಕೇಳುವುದು 5 ವೋಲ್ಟ್, ಶೇಕಡಾ 5 ಆಚೀಚೆ. ಅಂದರೆ 4.75ಕ್ಕಿಂತ ಕೆಳಗೆ ಇಳಿಯಬಾರದು. ಲೆಕ್ಕ ಸುಲಭ. 28 ಗೇಜ್ ವಯರ್‌ಗೆ ಮೀಟರಿಗೆ ಸುಮಾರು 0.21 ಓಮ್. 5 ಮೀಟರ್ ಹೋಗಿ 5 ಮೀಟರ್ ಬಂದರೆ 2.1 ಓಮ್. ಎನ್‌ಕೋಡರ್ 150 ಮಿಲಿಆಂಪ್ ಎಳೆದರೆ ದಾರಿಯಲ್ಲೇ 0.3 ವೋಲ್ಟ್ ಹೋಯಿತು. 5 ವೋಲ್ಟ್‌ಗೂ 0 ವೋಲ್ಟ್‌ಗೂ 22 ಗೇಜ್ ಹಾಕಿದರೆ (ಗೇಜ್ ನಂಬರ್ ಕಡಿಮೆಯಾದಷ್ಟೂ ವಯರ್ ದಪ್ಪ) ನಷ್ಟ ಅದರ ಕಾಲು ಭಾಗಕ್ಕೆ ಇಳಿಯುತ್ತದೆ. ದಪ್ಪ ವಯರ್ ಇಲ್ಲವಾ, ಖಾಲಿ ಇರುವ ವಯರ್‌ಗಳನ್ನು ಎರಡೆರಡು ಸೇರಿಸಿ.

ಡ್ರೈವ್ ಕಡೆ ವೋಲ್ಟೇಜನ್ನು ಐದೂವರೆಗೆ ಏರಿಸಿಬಿಡು ಅಂತ ಸಲಹೆ ಕೊಡುವವರಿದ್ದಾರೆ. ಬೇಡ. ನಾಳೆ ಕೇಬಲ್ ಗಿಡ್ಡ ಮಾಡಿದರೆ ಆ ಐದೂವರೆ ಹೆಚ್ಚುಕಮ್ಮಿ ಪೂರ್ತಿಯಾಗಿ ಎನ್‌ಕೋಡರ್‌ಗೇ ಹೋಗುತ್ತದೆ. ಬೇರೆ 5 ವೋಲ್ಟ್ ಸಪ್ಲೈ ಇಡುವುದಾದರೆ ಡ್ರೈವ್‌ನ 5 ವೋಲ್ಟ್ ವಯರ್ ತೆಗೆದುಬಿಡಿ, ಎರಡನ್ನೂ ಒಟ್ಟಿಗೆ ಕಟ್ಟಬೇಡಿ. 0 ವೋಲ್ಟನ್ನು ಮಾತ್ರ ಸೇರಿಸಿ, ಅದೂ ಒಂದೇ ಕಡೆ, ಡ್ರೈವ್‌ನ ಎನ್‌ಕೋಡರ್ ಟರ್ಮಿನಲ್‌ನಲ್ಲಿ. ಅಲ್ಲಿಂದ ಮೋಟರ್ ಸಪ್ಲೈನ ಮೈನಸ್‌ಗೂ ಇನ್ನೊಂದು ವಯರ್ ಎಳೆದಿರಿ ಅನ್ನಿ. ಮೋಟರ್‌ನ ದಪ್ಪ ಮೈನಸ್ ವಯರ್ ಸಡಿಲವಾದ ದಿನ ಅಷ್ಟೂ ಕರೆಂಟ್ ಈ ತೆಳ್ಳಗಿನ ವಯರ್ ಹಿಡಿದು ವಾಪಸ್ ಬರುತ್ತದೆ. ಸುಟ್ಟ ವಾಸನೆ ಬಂದಾಗಲೇ ಗೊತ್ತಾಗುವುದು.

ಈಗ ಹೊಸ ಕೇಬಲ್ ನಾನೇ ಮಾಡಿಕೊಂಡಿದ್ದೇನೆ. ಎ ಜೊತೆ ಎ ಮೈನಸ್, ಬಿ ಜೊತೆ ಬಿ ಮೈನಸ್, ಝಡ್ ಜೊತೆ ಝಡ್ ಮೈನಸ್. ಶೀಲ್ಡ್ ಡ್ರೈವ್ ಕಡೆ ಸೇರಿದೆ. ಮೋಟರ್ ಕೇಬಲ್ ಬೇರೆ ದಾರಿಯಲ್ಲಿ ಹೋಗುತ್ತದೆ. ಓಡಿಸಿದರೂ 10,000 ಕದಲುವುದಿಲ್ಲ. ಫಾಲೋಯಿಂಗ್ ಎರರ್ ಮಿತಿಯನ್ನೂ ಇಳಿಸಿದ್ದೇನೆ. ಹೇಳಿದ ಜಾಗಕ್ಕೂ ಎಣಿಕೆಗೂ ಸ್ವಲ್ಪ ಅಂತರ ಬಂದರೂ ಡ್ರೈವ್ ಮೋಟರ್‌ಗೆ ಕರೆಂಟ್ ನಿಲ್ಲಿಸುತ್ತದೆ. ಎಮರ್ಜೆನ್ಸಿ ಸ್ವಿಚ್ ಬರೀ ಎನೇಬಲ್ ಸಿಗ್ನಲ್ (ಡ್ರೈವ್‌ಗೆ ಓಡಲು ಕೊಡುವ ಅಪ್ಪಣೆ) ತೆಗೆದರೆ ಸಾಲದು, ಮೋಟರ್ ಸಪ್ಲೈಯನ್ನೇ ಕಡಿಯಬೇಕು. ಹೊಸ ವೈರಿಂಗ್ ಮೊದಲ ಸಲ ಆನ್ ಮಾಡುವಾಗ ಮೋಟರನ್ನು ಸ್ಕ್ರೂನಿಂದ ಬಿಡಿಸಿ, ಕರೆಂಟ್ ಮಿತಿ ಕಡಿಮೆ ಇಟ್ಟು ನೋಡಿ. ಎ, ಬಿ ಅದಲುಬದಲಾಗಿದ್ದರೂ ಮೋಟರ್ ಹೀಗೇ ಓಡುತ್ತದೆ.

ಕೇಬಲ್ ಮಾರಿದವರಿಗೆ ಫೋಟೋ ಸಮೇತ ಬರೆದೆ. ‘ಬೇರೆಯವರಿಗೆಲ್ಲ ಸರಿಯಾಗಿ ಓಡ್ತಿದೆ, ನಿಮ್ಮ ಡ್ರೈವ್ ಬದಲಿಸಿ’ ಅಂತ ಉತ್ತರ ಬಂತು. ದುಡ್ಡು ವಾಪಸ್ ಬರಲಿಲ್ಲ. ರೆಡಿಮೇಡ್ ಕೇಬಲ್ಲೇ ಬೇಕು ಅನ್ನುವವರು ಕೊಳ್ಳುವ ಮುಂಚೆ ಮೂರು ವಿಷಯ ಕೇಳಿ: 5 ವೋಲ್ಟ್ ವಯರ್ ಎಷ್ಟು ಗೇಜ್, ಯಾವ ಪಿನ್ ಜೊತೆ ಯಾವ ಪಿನ್ ಹೆಣೆದಿದೆ, ಶೀಲ್ಡ್ ಯಾವ ಪಿನ್‌ಗೆ ಬಂದಿದೆ. ಮೂರಕ್ಕೂ ಸರಿಯಾದ ಉತ್ತರ ಬಾರದಿದ್ದರೆ ಅಲ್ಲಿ ಕೊಳ್ಳಬೇಡಿ.