ಜಸ್ಟಿನ್ ಗಿಟಾರ್: ಇವತ್ತು ಏನು ನುಡಿಸಬೇಕು ಅನ್ನುವ ತಲೆಬಿಸಿ ತಪ್ಪಿತು

ಗಿಟಾರ್ ಪಾಠಗಳಿಗೆ ಯೂಟ್ಯೂಬ್‌ನಲ್ಲಿ ಬರವಿಲ್ಲ. ಒಬ್ಬರು ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಲಯಕ್ಕೆ ಮೀಟುವುದು) ಹೇಳಿಕೊಡುತ್ತಾರೆ, ಇನ್ನೊಬ್ಬರು ಐದು ಸ್ವರಗಳ ಪೆಂಟಾಟೋನಿಕ್ ಸ್ಕೇಲ್ ಕಲಿಯದಿದ್ದರೆ ಆಗಲ್ಲ ಅನ್ನುತ್ತಾರೆ, ಮತ್ತೊಬ್ಬರು ನಾಲ್ಕೇ ಕಾರ್ಡ್‌ನಲ್ಲಿ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನೂರು ಹಾಡು ಅಂತ ಆಸೆ ಹುಟ್ಟಿಸುತ್ತಾರೆ. ವಾರದ ಕೊನೆಗೆ ಬೆರಳ ತುದಿ ಉರಿಯುತ್ತಿರುತ್ತದೆ, ಹಾಡು ಮಾತ್ರ ಒಂದೂ ಬಂದಿರುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಹೊತ್ತು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಕರ್ನಾಟಕ ಸಂಗೀತದ ಕ್ಲಾಸಿಗೆ ಹೋದವರಿಗೆ ಈ ತೊಂದರೆ ಗೊತ್ತೇ ಇರುವುದಿಲ್ಲ. ಸರಳೆ ವರಿಸೆ, ಜಂಟಿ ವರಿಸೆ, ಅಲಂಕಾರ, ಆಮೇಲೆ ಗೀತೆ. ಪುರಂದರದಾಸರು ಹಾಕಿಕೊಟ್ಟರು ಅನ್ನುವ ದಾರಿ ಅದು. ಮೇಷ್ಟ್ರು ಬದಲಾದರೂ ದಾರಿ ಬದಲಾಗಲ್ಲ. ಗಿಟಾರ್‌ಗೆ ಅಂಥದ್ದೊಂದು ದಾರಿ ಹುಡುಕುತ್ತಿದ್ದಾಗ ಸಿಕ್ಕಿದ್ದು ಜಸ್ಟಿನ್ ಗಿಟಾರ್. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಸುಮ್ನೆ ಒಂದು ವಾರ ನೋಡಿ ಬರೆಯುತ್ತಿರುವ ವಿಮರ್ಶೆ ಅಲ್ಲ.

ಟಾಸ್ಮೇನಿಯಾದಲ್ಲಿ ಹುಟ್ಟಿದ ಜಸ್ಟಿನ್ ಸ್ಯಾಂಡರ್ಕೋ 2003ರಲ್ಲಿ ಶುರು ಮಾಡಿದ ವೆಬ್‌ಸೈಟ್ ಇದು. ಮುಖ್ಯ ಪಾಠಗಳೆಲ್ಲ ಉಚಿತ. ದುಡ್ಡು ಕೊಡಬೇಕಾದ ಆಪ್ ಬೇರೆ ಇದೆ, ಅದಿಲ್ಲದೆಯೂ ಕೋರ್ಸ್ ಮುಗಿಸಬಹುದು. ಪಾಠಗಳು ಗ್ರೇಡ್ ಪ್ರಕಾರ, ಗ್ರೇಡ್ ಒಳಗೆ ಮಾಡ್ಯೂಲ್ ಪ್ರಕಾರ ಜೋಡಣೆಯಾಗಿವೆ. ನಮ್ಮಲ್ಲಿ ಮಕ್ಕಳು ಬರೆಯುವ ಟ್ರಿನಿಟಿ ಸಂಗೀತ ಪರೀಕ್ಷೆಯ ಗ್ರೇಡೇ ಬೇರೆ, ಇದೇ ಬೇರೆ. ಸರ್ಟಿಫಿಕೇಟ್ ಬೇಕಿದ್ದವರು ಅಲ್ಲಿಗೇ ಹೋಗಬೇಕು.

ಕ್ರಮ ಅಂದರೆ ಎಷ್ಟು ಯೋಚಿಸಿ ಮಾಡಿದ್ದು ಅಂತ ಮೊದಲ ಎರಡು ಕಾರ್ಡ್‌ಗಳಲ್ಲೇ ಗೊತ್ತಾಗುತ್ತದೆ. ಡಿ ಮತ್ತು ಎ. ಎ ಕಾರ್ಡನ್ನು ಬಹಳಷ್ಟು ಜನ ತೋರು, ನಡು, ಉಂಗುರ ಬೆರಳುಗಳನ್ನು ಸಾಲಾಗಿ ಇಟ್ಟು ಹೇಳಿಕೊಡುತ್ತಾರೆ. ಇಲ್ಲಿ ತೋರುಬೆರಳು ಮಧ್ಯದ ತಂತಿಗೆ ಬರುತ್ತದೆ, ಅಂದರೆ ಮೂರನೇ ತಂತಿಯ ಎರಡನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಎರಡನೇ ಮನೆಗೆ). ಮೊದಲು ಕೈಗೆ ವಿಚಿತ್ರ ಅನಿಸುತ್ತದೆ. ಆದರೆ ಡಿ ಕಾರ್ಡ್‌ನಲ್ಲೂ ತೋರುಬೆರಳಿನ ಜಾಗ ಅದೇ! ಹಾಗಾಗಿ ಆ ಬೆರಳನ್ನು ಎತ್ತುವಂತೆಯೇ ಇಲ್ಲ, ಉಳಿದೆರಡು ಅದರ ಸುತ್ತ ಜಾಗ ಬದಲಿಸಿದರೆ ಸಾಕು. ಮುಂದೆ ಇ ಕಾರ್ಡ್ ಬಂದಾಗ ಅದೇ ಬೆರಳು ಅದೇ ತಂತಿಯ ಮೇಲೆ ಒಂದು ಫ್ರೆಟ್ ಹಿಂದಕ್ಕೆ ಜಾರುತ್ತದೆ. ಹೀಗೆ ಗ್ರೇಡ್ ಒಂದರಲ್ಲಿ ಎಂಟು ಕಾರ್ಡ್. ಎಲ್ಲರನ್ನೂ ಅಳಿಸುವ ಎಫ್ ಕಾರ್ಡ್ ಗ್ರೇಡ್ ಎರಡರ ತನಕ ಬರುವುದೇ ಇಲ್ಲ. ಎಷ್ಟು ಗಿಟಾರ್‌ಗಳು ಈ ಎಫ್ ದೆಸೆಯಿಂದ ಅಟ್ಟ ಸೇರಿವೆಯೋ!

ಇನ್ನು ಅಭ್ಯಾಸ. ಅರ್ಧ ಗಂಟೆಯನ್ನು ಐದೈದು ನಿಮಿಷದ ತುಂಡು ಮಾಡಿಕೊಂಡು ಕೂರುವ ರೂಢಿ ಇಲ್ಲಿಂದ ಬಂತು. ಅದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ನಿಮಿಷದ ಕಾರ್ಡ್ ಬದಲಾವಣೆ. ಮೊಬೈಲ್‌ನಲ್ಲಿ ಅರವತ್ತು ಸೆಕೆಂಡಿನ ಟೈಮರ್ ಇಡಬೇಕು. ಎರಡು ಕಾರ್ಡ್ ಆರಿಸಿಕೊಂಡು, ಪ್ರತಿ ಕಾರ್ಡಿಗೆ ಒಂದೇ ಸಲ ಮೀಟಿ, ಅದರಿಂದ ಇದಕ್ಕೆ, ಇದರಿಂದ ಅದಕ್ಕೆ. ಎಷ್ಟು ಸಲ ಬದಲಾಯಿತು ಅಂತ ಎಣಿಸಿ ಪುಸ್ತಕದಲ್ಲಿ ಬರೆಯುವುದು. ಗುರಿ 60. ಆಮೇಲೆ ಮುಂದಿನ ಜೋಡಿ. ಕೇಳಲು ಸಪ್ಪೆ, ಆದರೆ ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆಯೂ ಮಾಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ನಿಧಾನ ಇರುವುದು ಸಿ ಕಾರ್ಡ್ ಅಲ್ಲ, ಜಿಯಿಂದ ಸಿಗೆ ಹೋಗುವ ಹಾದಿ ಅಂತ ಪುಸ್ತಕದ ಅಂಕಿಗಳೇ ತೋರಿಸುತ್ತವೆ. ಯಾವುದಕ್ಕೆ ಇನ್ನೊಂದಿಷ್ಟು ಹೊತ್ತು ಕೊಡಬೇಕು ಅಂತ ಬೇರೆ ಯಾರನ್ನೂ ಕೇಳಬೇಕಿಲ್ಲ.

ನಡುವೆ ಇನ್ನೊಂದು ಕಂಪನಿಯ ಆಪ್‌ಗೆ ಚಂದಾ ಕಟ್ಟಿದ್ದೆ. ಹೆಸರು ಬೇಡ. ಅದು ಮೈಕ್‌ನಲ್ಲಿ ಕೇಳಿಸಿಕೊಂಡು ಸ್ಟಾರ್ ಕೊಡುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದಾಗಲೂ ಒಂದೆರಡು ಸ್ಟಾರ್ ಬಿದ್ದದ್ದಿದೆ. ಸ್ಟಾರ್ ಸಿಕ್ಕಿದ ಕೂಡಲೇ ಮುಂದಿನ ಹಂತಕ್ಕೆ ತಳ್ಳುತ್ತದೆ, ತಂತಿ ಝರ್ ಅನ್ನುತ್ತಿದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಚಂದಾ ನಿಲ್ಲಿಸುವ ಬಟನ್ ಹುಡುಕುವುದು ಎಫ್ ಕಾರ್ಡ್‌ಗಿಂತ ಕಷ್ಟವಾಯಿತು.

ಜಸ್ಟಿನ್ ಗಿಟಾರ್‌ನಲ್ಲಿ ನಮಗೆ ಕೊರತೆ ಕಾಣುವುದು ಹಾಡುಗಳಲ್ಲಿ. ಎಲ್ಲ ಇಂಗ್ಲಿಷ್ ಪಾಪ್, ರಾಕ್, ಫೋಕ್. ಅದು ಅವರ ತಪ್ಪೇನಲ್ಲ. ಆದರೆ ಭಾವಗೀತೆ, ಸಿನಿಮಾ ಹಾಡು ನುಡಿಸಬೇಕು ಅಂತ ಬಂದವರು ಒಂದು ಹಂತದ ಮೇಲೆ ದಿಕ್ಕನ್ನು ತಾವೇ ಹುಡುಕಿಕೊಳ್ಳಬೇಕು. ಸುಗಮ ಸಂಗೀತದಲ್ಲಿ ತಬಲಾದವರು ಕೆಹರ್ವಾ, ದಾದ್ರಾ ಅನ್ನುತ್ತಾರಲ್ಲ, ಕೆಹರ್ವಾದ ಎಂಟೆಣಿಕೆಗೆ ಕೋರ್ಸಿನ ಸ್ಟ್ರಮ್ಮಿಂಗ್ ನೇರವಾಗಿ ಕೂರುತ್ತದೆ. ದಾದ್ರಾದ ಆರಕ್ಕೆ ಕೂರುವುದಿಲ್ಲ. ಕೈ ಡೌನ್, ಅಪ್ ಅಂತ ನಿಲ್ಲದೆ ಆಡುತ್ತಿರಬೇಕು ಅನ್ನುವುದು ಪಾಠ. ಹಾಗೆ ಆರು ಎಣಿಸಿ ನೋಡಿ: ಒಂದು ಡೌನ್‌ಗೆ ಬೀಳುತ್ತದೆ, ನಾಲ್ಕು ಅಪ್‌ಗೆ. ಒತ್ತು ಬೇಕಿರುವುದು ಒಂದಕ್ಕೂ ನಾಲ್ಕಕ್ಕೂ. ಅಪ್‌ನಲ್ಲಿ ಒತ್ತು ಕೊಡುವುದು ಕೈಗೆ ಒಗ್ಗಬೇಕಾದರೆ ಬೇಕಾದಷ್ಟು ಸಮಯ ಹಿಡಿಯುತ್ತದೆ. ನಾನು ಐದು ನಿಮಿಷದ ಒಂದು ತುಂಡನ್ನು ಇದಕ್ಕೇ ಬಿಟ್ಟಿದ್ದೇನೆ. ತಂತಿಗಳನ್ನು ಅಂಗೈಯಿಂದ ಮುಚ್ಚಿ, ಲಯ ತೋರಿಸುವ ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಇಟ್ಟು, ಬರೀ ಬಲಗೈ. ವೇಗ ಜಾಸ್ತಿ ಮಾಡುವುದು ಕರ್ನಾಟಕ ಸಂಗೀತದ ಕ್ಲಾಸಿನ ಮೂರು ಕಾಲದ ಲೆಕ್ಕದಲ್ಲೇ, ಪ್ರತಿ ಸಲ ದುಪ್ಪಟ್ಟು.

ಇನ್ನೊಂದು ಗೋಜು ಶ್ರುತಿಯದು. ಮನೆಯಲ್ಲಿ ಹಾಡುವುದು ಅತ್ತಿಗೆ.

“ಅತ್ತಿಗೆ, ನಿಮ್ಮ ಶ್ರುತಿ ಎಷ್ಟು?”

“ಕಪ್ಪು ನಾಲ್ಕು ಕಣೋ. ಹಾರ್ಮೋನಿಯಂ ತರಲಾ?”

ಕಪ್ಪು ನಾಲ್ಕು ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ, ಅಂದರೆ ಜಿ ಶಾರ್ಪ್. ಮೊದಲ ಫ್ರೆಟ್‌ಗೆ ಕ್ಯಾಪೋ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ, ಸಿ, ಡಿ ಶೇಪ್‌ಗಳಲ್ಲೇ ನುಡಿಸಿದರೆ ಮುಗಿಯಿತು. ಕ್ಯಾಪೋ ಪಾಠ ಕೋರ್ಸ್‌ನಲ್ಲಿದೆ, ಹಾರ್ಮೋನಿಯಂ ಮನೆಗಳ ಲೆಕ್ಕ ನಾವು ಸೇರಿಸಿಕೊಳ್ಳಬೇಕು. ಕಾರ್ಡ್‌ಗಳನ್ನು ಕಿವಿಯಲ್ಲೇ ಹಿಡಿಯಬೇಕು ಅಂತ ಜಸ್ಟಿನ್ ಒತ್ತಾಯ ಮಾಡುತ್ತಲೇ ಇರುತ್ತಾರೆ. ಇಂಟರ್ನೆಟ್‌ನಲ್ಲಿ ಕನ್ನಡ ಹಾಡುಗಳಿಗೆ ಸಿಗುವ ಕಾರ್ಡ್‌ಗಳ ಗುಣಮಟ್ಟ ನೋಡಿದವರು ಈ ಮಾತನ್ನು ಬೇಗ ಒಪ್ಪುತ್ತಾರೆ. ಬೇಸ್ ಸ್ವರವನ್ನು ದಪ್ಪ ತಂತಿಯ ಮೇಲೆ ಹುಡುಕಿ, ಆಮೇಲೆ ಮೇಜರ್ರೋ ಮೈನರ್ರೋ ಅಂತ ಎರಡನ್ನೂ ನುಡಿಸಿ ನೋಡುವುದು ನನ್ನ ಪದ್ಧತಿ. ಪಲ್ಲವಿ ಬೇಗ ಸಿಗುತ್ತದೆ. ಚರಣದಲ್ಲಿ ರಾಗ ಸ್ವಲ್ಪ ಆಚೀಚೆ ಹೋದಾಗ ಪೆನ್ಸಿಲ್ ಕಚ್ಚಿಕೊಂಡು ಕೂರಬೇಕು.

ಮೇಲಿನ ಗ್ರೇಡ್‌ಗಳನ್ನು ನಾನು ಸಾಲಾಗಿ ಮಾಡುತ್ತಿಲ್ಲ. ಮೂರರ ತನಕ ಹೇಳಿದ ಹಾಗೆ ನಡೆದೆ. ಈಗ ಹಾಡು ಮೊದಲು, ಅದಕ್ಕೆ ಬೇಕಾದ ಪಾಠ ಆಮೇಲೆ. ಬಿ ಮೈನರ್ ಬೇಕಾದಾಗ ಬ್ಯಾರೆ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವುದು) ಪಾಠ ತೆಗೆದು ನೋಡುತ್ತೇನೆ, ಬ್ಲೂಸ್ ಸೋಲೋ ಪಾಠಗಳ ಹತ್ತಿರ ಹೋಗಿಲ್ಲ. ರಾಕ್ ಬ್ಯಾಂಡ್ ಕನಸಿರುವವರಿಗೆ ಅಲ್ಲೇ ಸುಗ್ಗಿ ಇರಬಹುದು.

ಎದುರು ಕೂತು ಮಣಿಕಟ್ಟು ತಿದ್ದುವ ಮೇಷ್ಟ್ರು ಬೇಕೇ ಬೇಕು ಅನ್ನುವವರಿಗೆ ವಿಡಿಯೋ ಸಾಲದು, ಅಂಥವರು ಹತ್ತಿರದ ಕ್ಲಾಸ್ ನೋಡಿಕೊಳ್ಳಲಿ. ಚಿಕ್ಕ ಮಕ್ಕಳಿಗೂ ಅದೇ ವಾಸಿ. ದೊಡ್ಡವರು, ಅರ್ಧ ಗಂಟೆ ಬಿಡುವಿರುವವರು, ಇಂಗ್ಲಿಷ್ ಕೇಳಿ ಅರ್ಥವಾಗುವವರು ಗ್ರೇಡ್ ಒಂದನ್ನು ವೆಬ್‌ಸೈಟ್‌ನಲ್ಲೇ ಮುಗಿಸಿ, ಹಾಡಿನ ಜೊತೆ ನುಡಿಸಲು ಬೇಕೆನಿಸಿದರೆ ಮಾತ್ರ ಆಪ್‌ಗೆ ದುಡ್ಡು ಕೊಡಿ. ಐದಕ್ಕೆ ನಾಲ್ಕೂವರೆ. ಉಳಿದ ಅರ್ಧ ದಾದ್ರಾದ ಬಾಬ್ತು.